ಅನ್ನ, ಕಾಳಿನಲ್ಲಿ ಬಿ1 ಉಳಿಸಿಕೊಳ್ಳುವುದು ಹೇಗೆ

ಕಾಳು ಬೇಗ ಬೇಯಲಿ ಎಂದು ಹಾಕುವ ಚಿಟಿಕೆ ಸೋಡಾ ಬಿ1 ವಿಟಮಿನ್ನನ್ನು, ಅಂದರೆ ಥಯಮಿನ್ನನ್ನು, ಕೆಡಿಸುತ್ತದೆ. ಈ ಅಣುವಿನಲ್ಲಿ ಎರಡು ಉಂಗುರಗಳು: ಒಂದು ಪಿರಿಮಿಡಿನ್, ಇನ್ನೊಂದು ಗಂಧಕವಿರುವ ಥಯಾಜೋಲ್. ಎರಡನ್ನೂ ಹಿಡಿದಿರುವುದು ಒಂದೇ ಇಂಗಾಲದ ಕೊಂಡಿ. ಹುಳಿ ನೀರಿನಲ್ಲಿ ಅಣು ಕುದಿತವನ್ನು ತಕ್ಕಮಟ್ಟಿಗೆ ತಾಳುತ್ತದೆ. ಸೋಡಾದಿಂದ ನೀರು ಕ್ಷಾರವಾದರೆ ಥಯಾಜೋಲ್ ಉಂಗುರ ಬಿಚ್ಚಿಕೊಳ್ಳುತ್ತದೆ. ಮೇಲೆ ಬಿಸಿಯೂ ಸೇರಿದರೆ ಮುಗಿಯಿತು.

ಕಾಳು ಬೇಯದಿದ್ದರೆ ಬಹಳ ಸಲ ತಪ್ಪು ಬೋರ್‌ವೆಲ್ ನೀರಿನದು. ಗಡಸು ನೀರಿನ ಕ್ಯಾಲ್ಸಿಯಂ ಕಾಳಿನ ಜೀವಕೋಶಗಳನ್ನು ಅಂಟಿಸಿಡುವ ಪೆಕ್ಟಿನ್ನನ್ನು ಬಿಗಿಹಿಡಿಯುತ್ತದೆ, ಕಡಲೆ ಎಷ್ಟು ವಿಸಿಲ್ ಕೂಗಿಸಿದರೂ ಕಲ್ಲಾಗಿಯೇ ಉಳಿಯುತ್ತದೆ. ಸೋಡಾ ಬಿಟ್ಟು ನೀರು ಬದಲಿಸಿ: ಆರ್‌ಒ ನೀರು ಅಥವಾ ಸೋಸಿದ ಮಳೆನೀರು. ಕಡಲೆಯನ್ನು 8–10 ಗಂಟೆ ನೆನೆಸಿ, ಒಂದು ಲೋಟಕ್ಕೆ ಮೂರು ಲೋಟ ನೀರಿಟ್ಟು, ಮೊದಲ ವಿಸಿಲ್ ಆದ ಮೇಲೆ ಸಣ್ಣ ಉರಿಯಲ್ಲಿ 20 ನಿಮಿಷ ಬಿಡಿ. ಹಳೆಯ ಕಾಳಾದರೆ ಇನ್ನೂ ಹತ್ತು ನಿಮಿಷ. ಹುಣಸೆ, ಟೊಮೇಟೊ ಬೆಂದ ಮೇಲೆಯೇ ಹಾಕಿ; ಹುಳಿ ಬಿ1ಗೆ ಒಳ್ಳೆಯದಾದರೂ ಕಾಳನ್ನು ಗಟ್ಟಿ ಮಾಡುತ್ತದೆ. ಬೆಂದ ನೀರನ್ನು ಚೆಲ್ಲಬೇಡಿ, ಬಿ1 ಅದರಲ್ಲಿ ಕರಗಿರುತ್ತದೆ. ಬಸ್ಸಾರು ಮಾಡುವವರಿಗೆ ಇದನ್ನು ಹೇಳಿಕೊಡಬೇಕಿಲ್ಲ.

ಅಕ್ಕಿಯಲ್ಲಿ ಬಿ1 ಇರುವುದು ತವುಡು ಮತ್ತು ಮೊಳಕೆಯ ಭಾಗದಲ್ಲಿ. ಪಾಲಿಶ್ ಮಾಡಿದರೆ ಹೆಚ್ಚಿನದು ತವುಡಿನ ಜೊತೆ ಹೋಗುತ್ತದೆ. 1890ರ ದಶಕದಲ್ಲಿ ಜಾವಾದಲ್ಲಿ ಡಚ್ ವೈದ್ಯ ಐಕ್‌ಮನ್ ಕೋಳಿಗಳಿಗೆ ಇಂಥ ಅಕ್ಕಿಯನ್ನೇ ತಿನ್ನಿಸಿದಾಗ ಅವು ಕಾಲು ಸೋತು ಬಿದ್ದವು. ಕುಚ್ಚಲಕ್ಕಿಯ ಕಥೆ ಬೇರೆ: ಭತ್ತವನ್ನು ನೆನೆಸಿ ಬೇಯಿಸುವಾಗಲೇ ವಿಟಮಿನ್ ತವುಡಿನಿಂದ ಕಾಳಿನೊಳಗೆ ಇಳಿಯುತ್ತದೆ, ಬೆಂದ ಪಿಷ್ಟ ಅದನ್ನು ಅಲ್ಲೇ ಕಟ್ಟಿಹಾಕುತ್ತದೆ. ಆಮೇಲೆ ಮಿಲ್ ಮಾಡಿದರೂ ಬೆಳ್ತಿಗೆಗಿಂತ, ಅಂದರೆ ಭತ್ತ ಬೇಯಿಸದೆ ಮಾಡಿದ ಬಿಳಿ ಅಕ್ಕಿಗಿಂತ, ಜಾಸ್ತಿ ಉಳಿಯುತ್ತದೆ. ಆದರೆ ಧಾರಾಳ ನೀರಿಟ್ಟು ಗಂಜಿ ಬಸಿದು ಚೆಲ್ಲಿದರೆ ಲಾಭ ಅರ್ಧ ಹೋಯಿತು. ಆ ತಿಳಿಗೆ ಉಪ್ಪು ಹಾಕಿ ಕುಡಿಯಿರಿ. ಬೆಳ್ತಿಗೆಯನ್ನು ಎರಡು ಸಲ ತೊಳೆದರೆ ಸಾಕು. ನೀರು ಬಿಳಿಯಾಗಿದ್ದರೆ ಅದು ಕೊಳೆಯಲ್ಲ, ಪಿಷ್ಟ. ನೀರು ಪೂರ್ತಿ ಇಂಗುವಂತೆ ಅಳತೆಯಿಟ್ಟು ಬೇಯಿಸಿ.

ದೇಹ ಥಯಮಿನ್ನನ್ನು ಥಯಮಿನ್ ಪೈರೋಫಾಸ್ಫೇಟ್ ಆಗಿ ಬದಲಿಸುತ್ತದೆ. ಗ್ಲೂಕೋಸ್‌ನಿಂದ ಬಂದ ಪೈರುವೇಟ್ ಜೀವಕೋಶದ ಶಕ್ತಿಕೇಂದ್ರವಾದ ಮೈಟೋಕಾಂಡ್ರಿಯಾದೊಳಗೆ ಉರಿಯಲು ಇದು ಬೇಕೇ ಬೇಕು. ಹಾಗಾಗಿ ತಟ್ಟೆಯಲ್ಲಿ ಅನ್ನ ಹೆಚ್ಚಿದಷ್ಟೂ ಬಿ1ರ ಖರ್ಚೂ ಹೆಚ್ಚು. ದಿನಕ್ಕೆ ಬೇಕಾದದ್ದು ಸುಮಾರು 1.2 ಮಿಲಿಗ್ರಾಂ, ಮೈಯಲ್ಲಿ ದಾಸ್ತಾನು 25–30 ಮಿಲಿಗ್ರಾಂ ಮಾತ್ರ, ಎರಡು ಮೂರು ವಾರಕ್ಕೆ ಖಾಲಿ. ಚಹಾ ಮತ್ತು ಅಡಿಕೆಯ ಟ್ಯಾನಿನ್ ಬಿ1 ಹೀರುವಿಕೆಗೆ ಅಡ್ಡಿ, ಊಟದ ಜೊತೆ ಬೇಡ.

ಪಾದ ಜುಮ್ಮೆನ್ನುವುದು, ಕಾಲು ಬಾವು, ಏದುಸಿರು ಕಂಡರೆ ಅದು ಬಿ1 ಕೊರತೆಯಿರಬಹುದು, ಡಾಕ್ಟರನ್ನು ನೋಡಿ. ವಿಪರೀತ ಕುಡಿತವಿದ್ದರೆ, ದಿನಗಟ್ಟಲೆ ವಾಂತಿಯಾಗುತ್ತಿದ್ದರೆ ಗ್ಲೂಕೋಸ್ ಡ್ರಿಪ್ ಹಾಕುವ ಮುನ್ನವೇ ಹೇಳಿ: ಥಯಮಿನ್ ಇಲ್ಲದ ಮೈಗೆ ಬರೀ ಗ್ಲೂಕೋಸ್ ಕೊಟ್ಟರೆ ಮಿದುಳಿಗೆ ಪೆಟ್ಟಾಗಬಹುದು.