ಪಿಡಬ್ಲ್ಯುಡಿ: ಡಿಲೀಟ್ ಮಾಡುವ ಮುಂಚೆ ಒಮ್ಮೆ ಹೊಡೆದು ನೋಡಿ

ಟರ್ಮಿನಲ್‌ನಲ್ಲಿ, ಅಂದರೆ ಕಮಾಂಡ್ ಟೈಪ್ ಮಾಡುವ ಕಿಟಕಿಯಲ್ಲಿ, ಇಂಗ್ಲಿಷ್ ಸಣ್ಣ ಅಕ್ಷರದಲ್ಲಿ ಪಿಡಬ್ಲ್ಯುಡಿ (pwd) ಅಂತ ಹೊಡೆದು ಎಂಟರ್ ಒತ್ತಿ. ನೀವೀಗ ಯಾವ ಫೋಲ್ಡರ್‌ನಲ್ಲಿದ್ದೀರಿ ಅನ್ನೋದು ರೂಟ್‌ನಿಂದ (ಎಲ್ಲಕ್ಕಿಂತ ಮೇಲಿನ ಫೋಲ್ಡರ್) ಹಿಡಿದು ಪೂರ್ತಿ ಪಾತ್ (ದಾರಿ) ಸಮೇತ ಬರುತ್ತದೆ. ಲಿನಕ್ಸ್, ಮ್ಯಾಕ್ ಎರಡರಲ್ಲೂ ಇಷ್ಟೇ. ವಿಂಡೋಸ್‌ನ ಪವರ್‌ಶೆಲ್‌ನಲ್ಲೂ ಇದೇ ಹೆಸರು ನಡೆಯುತ್ತದೆ. ಹಳೆಯ ಕಮಾಂಡ್ ಪ್ರಾಂಪ್ಟ್‌ನಲ್ಲಾದರೆ ಸುಮ್ನೆ ಸಿಡಿ (cd) ಅಂದರೆ ಸಾಕು.

"ಟೈಪ್ ಮಾಡುವ ಸಾಲಿನ ಪ್ರಾಂಪ್ಟ್‌ನಲ್ಲೇ ಫೋಲ್ಡರ್ ಹೆಸರು ಕಾಣುತ್ತಲ್ಲ, ಮತ್ತೆ ಇದ್ಯಾಕೆ?" ಅಂತ ನಮ್ಮ ಟೀಮಿಗೆ ಬರುವ ಹೊಸಬರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆಯೇ. ಉತ್ತರ ಇರೋದು ಸಿಂಬಾಲಿಕ್ ಲಿಂಕ್‌ನಲ್ಲಿ, ಅಂದರೆ ಬೇರೆ ಫೋಲ್ಡರ್‌ನತ್ತ ಬೊಟ್ಟು ಮಾಡುವ ಹೆಸರಿನಲ್ಲಿ.

ನಾನು ನೋಡಿಕೊಳ್ಳುವ ಸರ್ವರ್‌ನಲ್ಲಿ /ಸೈಟ್/ಕರೆಂಟ್ ಅಂತ ಒಂದಿದೆ. ನೋಡೋಕೆ ಫೋಲ್ಡರ್, ಆದರೆ ಅದು /ಸೈಟ್/ರಿಲೀಸ್/42 ಕ್ಕೆ ಹಾಕಿರುವ ಲಿಂಕ್. ಒಳಗೆ ಹೋಗಿ ಪಿಡಬ್ಲ್ಯುಡಿ ಹೊಡೆದರೆ /ಸೈಟ್/ಕರೆಂಟ್ ಅಂತಲೇ ಬರುತ್ತದೆ. ನೀವು ಯಾವ ದಾರೀಲಿ ಬಂದಿರೋ ಅದನ್ನೇ ಶೆಲ್ (ನಿಮ್ಮ ಕಮಾಂಡ್ ಓದಿ ನಡೆಸುವ ಪ್ರೋಗ್ರಾಂ) ನೆನಪಿಟ್ಟುಕೊಂಡು ಹೇಳುತ್ತದೆ. ಅಸಲಿ ಜಾಗ ಬೇಕಾದರೆ ಮುಂದೆ ಒಂದು ಸ್ಪೇಸ್, ಹೈಫನ್, ಕ್ಯಾಪಿಟಲ್ ಪಿ ಸೇರಿಸಿ: ಪಿಡಬ್ಲ್ಯುಡಿ -ಪಿ. ಆಗ /ಸೈಟ್/ರಿಲೀಸ್/42 ಕಾಣುತ್ತದೆ.

ಇದು ಬರೀ ಕುತೂಹಲಕ್ಕಲ್ಲ. ಅಲ್ಲೇ ನಿಂತು ಸಿಡಿ .. (ಒಂದು ಮೆಟ್ಟಿಲು ಮೇಲಿನ ಫೋಲ್ಡರ್‌ಗೆ ಹೋಗು) ಅಂದರೆ /ಸೈಟ್‌ಗೆ ಹೋಗುತ್ತೀರಿ. ಅದೇ ಜಾಗದಿಂದ ಎಲ್‌ಎಸ್ .. ಅಂದರೆ /ಸೈಟ್/ರಿಲೀಸ್ ಒಳಗಿನ ಪಟ್ಟಿ ಬರುತ್ತದೆ! ಸಿಡಿ ಶೆಲ್‌ನ ನೆನಪನ್ನು ನಂಬುತ್ತದೆ, ಎಲ್‌ಎಸ್ ಡಿಸ್ಕ್ ಮೇಲಿರುವುದನ್ನು. ಅಳಿಸುವ ಕಮಾಂಡ್ ಆರ್‌ಎಂ ಕೂಡ ಎಲ್‌ಎಸ್ ಕಡೆಯದ್ದೇ. ಎರಡು ಚುಕ್ಕಿ ಹಾಕಿ ಏನನ್ನಾದರೂ ಅಳಿಸೋ ಮುಂಚೆ -ಪಿ ಹಾಕಿ ನೋಡಿ ಅಂತ ನಾನು ಹಟ ಹಿಡಿಯೋದು ಅದಕ್ಕೇ.

ಇನ್ನೊಂದು. ನೀವು ಒಳಗೆ ಕೂತಿರುವಾಗಲೇ ಯಾರೋ ಲಿಂಕನ್ನು 43 ಕ್ಕೆ ತಿರುಗಿಸಿದರು ಅನ್ನಿ. ಬ್ಯಾಶ್ ಅನ್ನುವ ಶೆಲ್‌ನಲ್ಲಿ ಬರೀ ಪಿಡಬ್ಲ್ಯುಡಿ ಹಳೇ ಹಾಡನ್ನೇ ಹಾಡುತ್ತದೆ, ನೀವಿನ್ನೂ 42 ರಲ್ಲೇ ಇರುತ್ತೀರಿ. ಇಲ್ಲಿ ಬ್ಯಾಶ್‌ನ -ಪಿ ಕೂಡ ನೆನಪಿನ ದಾರಿಯನ್ನೇ ಹಿಡಿದು 43 ಅಂದುಬಿಡುತ್ತದೆ; /ಬಿನ್/ಪಿಡಬ್ಲ್ಯುಡಿ -ಪಿ ಹೊಡೆದರೆ ಗುಟ್ಟು ಗೊತ್ತಾಗುತ್ತದೆ. ಸಿಡಿ ಬರೆದು ಒಂದು ಚುಕ್ಕಿ ಹಾಕಿ ಎಂಟರ್ ಒತ್ತಿದರೆ ಹೊಸದಕ್ಕೆ ಬರುತ್ತೀರಿ.

ಸ್ಕ್ರಿಪ್ಟ್ ಬರೆಯುವವರಿಗೆ ಒಂದು ಮಾತು: ಪಿಡಬ್ಲ್ಯುಡಿ ಹೇಳೋದು ಸ್ಕ್ರಿಪ್ಟನ್ನು ಎಲ್ಲಿಂದ ಓಡಿಸಿದಿರಿ ಅನ್ನೋದನ್ನ, ಫೈಲ್ ಎಲ್ಲಿದೆ ಅನ್ನೋದನ್ನಲ್ಲ. ಹೇಳಿದ ಹೊತ್ತಿಗೆ ತಾನಾಗಿ ಓಡಿಸುವ ಕ್ರಾನ್‌ಗೆ ಹಾಕಿದಾಗ ಸ್ಕ್ರಿಪ್ಟ್ ಕೈಕೊಡುವುದು ಜಾಸ್ತಿ ಇಲ್ಲೇ. ಪಿಡಬ್ಲ್ಯುಡಿಯ ಉತ್ತರವನ್ನು ಬೇರೆ ಕಮಾಂಡ್‌ಗೆ ಕೊಡುವಾಗ ಡಬಲ್ ಕೋಟ್ ಒಳಗೆ ಇಡಿ. ಇಲ್ಲದಿದ್ದರೆ ಫೋಲ್ಡರ್ ಹೆಸರಲ್ಲಿ ಸ್ಪೇಸ್ ಇದ್ದಲ್ಲಿ ಪಾತ್ ಎರಡು ತುಂಡಾಗುತ್ತದೆ.