ಪಾವಿನ ಅಳತೆಯನ್ನು ಗ್ರಾಂಗೆ ಇಳಿಸಿದ್ದು: ನನ್ನ ಅನುಭವ

ಹಬ್ಬ ಹತ್ತಿರ ಬಂದಾಗ ಪರಿಚಯದವರಿಗೆ ಮೈಸೂರು ಪಾಕ್, ಚಕ್ಕುಲಿ, ಕೋಡುಬಳೆ ಮಾಡಿಕೊಡುತ್ತೇನೆ. ಅಮ್ಮ ಹೇಳಿಕೊಟ್ಟ ಅಳತೆಯೆಲ್ಲ ಪಾವು, ಲೋಟದಲ್ಲಿ. ಆರ್ಡರ್ ಬರುವುದು ಮಾತ್ರ ಕೆ.ಜಿ. ಲೆಕ್ಕದಲ್ಲಿ. ಹಾಗಾಗಿ ಒಂದು ಡಿಜಿಟಲ್ ತಕ್ಕಡಿ ತಂದು ಒಂದೊಂದೇ ಸಾಮಾನು ತೂಗಿ ಬರೆದಿಟ್ಟುಕೊಂಡೆ.

ಮೊದಲು ತೂಗಿದ್ದು ಪಾವನ್ನೇ. ಖಾಲಿ ಪಾವನ್ನು ತಕ್ಕಡಿ ಮೇಲಿಟ್ಟು ಸೊನ್ನೆ ಮಾಡಿ, ಅಂಚಿನವರೆಗೆ ನೀರು ತುಂಬಿಸಿ. ನೀರು ಎಷ್ಟು ಗ್ರಾಂ ಬರುತ್ತದೋ ಆ ಪಾತ್ರೆ ಅಷ್ಟೇ ಎಂ.ಎಲ್. ಹಿಡಿಯುತ್ತದೆ. ಮನೆಯಲ್ಲಿರುವ ಲೋಟ, ಕಪ್ಪು ಎಲ್ಲವನ್ನೂ ಹೀಗೆ ನೋಡಿಬಿಡಿ, ಯಾಕೆಂದರೆ ಎಲ್ಲ ಕಪ್ಪೂ ಒಂದೇ ಅಲ್ಲ. ಅಮೆರಿಕದ ಕಪ್ಪು ಸುಮಾರು 240 ಎಂ.ಎಲ್., ಆಸ್ಟ್ರೇಲಿಯಾದ್ದು 250, ಎಲೆಕ್ಟ್ರಿಕ್ ರೈಸ್ ಕುಕ್ಕರ್ ಜೊತೆ ಬರುವ ಕಪ್ಪು ಸಾಮಾನ್ಯವಾಗಿ 180.

ಆಮೇಲೆ ಸಾಮಾನು. 240ರ ಕಪ್ಪಿನಲ್ಲಿ ಸಕ್ಕರೆ 200 ಗ್ರಾಂ, ಕರಗಿದ ತುಪ್ಪ ಸುಮಾರು 220, ಉಪ್ಪಿಟ್ಟಿನ ರವೆ 165ರಿಂದ 170. ಹಿಟ್ಟು ಮಾತ್ರ ಒಂದು ಕಡೆ ನಿಲ್ಲುವುದಿಲ್ಲ. ಮೈದಾವನ್ನು ಜರಡಿ ಹಿಡಿದು ಚಮಚದಲ್ಲಿ ಹಗುರಾಗಿ ತುಂಬಿದರೆ 120ರ ಒಳಗೇ ಇರುತ್ತದೆ, ಡಬ್ಬಕ್ಕೆ ಕಪ್ಪು ಅದ್ದಿ ಒತ್ತಿ ತೆಗೆದರೆ 140 ದಾಟುತ್ತದೆ. ಅದೇ ಕಪ್ಪು, ಅದೇ ಹಿಟ್ಟು! ಕೇಕ್ ಒಂದು ಸಲ ಮೆತ್ತಗೆ, ಇನ್ನೊಂದು ಸಲ ಗಟ್ಟಿ ಬಂತು ಅಂತ ಒಲೆಯನ್ನು ಬೈಯುವವರು ಮೊದಲು ಇದನ್ನು ನೋಡಬೇಕು.

ಮೈಸೂರು ಪಾಕ್ ವಿಷಯಕ್ಕೆ ಬಂದರೆ, ನಮ್ಮನೆ ಅಳತೆ ಒಂದು ಕಪ್ಪು ಕಡಲೆ ಹಿಟ್ಟಿಗೆ ಎರಡು ಸಕ್ಕರೆ, ಎರಡು ತುಪ್ಪ. ಇದನ್ನೇ ನೇರವಾಗಿ ತೂಕಕ್ಕೆ ತಂದು 100 ಗ್ರಾಂ ಹಿಟ್ಟಿಗೆ 200 ಸಕ್ಕರೆ, 200 ತುಪ್ಪ ಅಂದುಕೊಂಡರೆ ಕೆಟ್ಟಿತು. ಜರಡಿ ಹಿಡಿದ ಕಡಲೆ ಹಿಟ್ಟು ನನ್ನ ಕಪ್ಪಿನಲ್ಲಿ ಹತ್ತಿರ ಹತ್ತಿರ 100 ಗ್ರಾಂ ಬರುತ್ತದೆ, ಆದರೆ ಎರಡು ಕಪ್ಪು ಸಕ್ಕರೆ 400, ಎರಡು ಕಪ್ಪು ತುಪ್ಪ 440. ಅಂದರೆ ತೂಕದಲ್ಲಿ ಅದು ಒಂದಕ್ಕೆ ನಾಲ್ಕು! ತುಪ್ಪ, ಸಕ್ಕರೆ ಅರ್ಧಕ್ಕರ್ಧ ಕಮ್ಮಿ ಆದರೆ ಅದಕ್ಕೆ ಮೈಸೂರು ಪಾಕ್ ಅಂತ ಹೆಸರಿಡೋದೇ ಕಷ್ಟ. ತುಪ್ಪ ಕರಗಿಸಿಯೇ ಅಳೆಯಬೇಕು ಅನ್ನುವುದೂ ಇದಕ್ಕೇ, ಗಟ್ಟಿ ತುಪ್ಪ ಕಪ್ಪಿನಲ್ಲಿ ಸಂದು ಬಿಟ್ಟು ಕೂರುತ್ತದೆ. ತೂಗುವುದಾದರೆ ಹೇಗಿದ್ದರೂ ಸರಿ.

ಇನ್ನೊಂದು, ಅಮ್ಮ ಅಕ್ಕಿಹಿಟ್ಟನ್ನು ತಲೆ ಸವರಿ ಅಳೆಯುತ್ತಾರಾ, ಗೋಪುರ ಮಾಡಿಯಾ? ಕೇಳಿದರೆ 'ಎಲ್ಲಾ ಕಣ್ಣಳತೆ ಕಣೇ' ಅನ್ನುತ್ತಾರೆ. ಅದಕ್ಕೇ ನಾನು ಕೇಳೋದೇ ಬಿಟ್ಟೆ. ಅವರು ಪಾತ್ರೆಗೆ ಸುರಿಯುವ ಮುಂಚೆ ಆ ಪಾತ್ರೆಯನ್ನೇ ತಕ್ಕಡಿ ಮೇಲೆ ಇಟ್ಟುಬಿಡುತ್ತೇನೆ, ಒಂದೊಂದು ಸಾಮಾನು ಬಿದ್ದ ಹಾಗೆ ಬರೆದುಕೊಂಡು ಮತ್ತೆ ಸೊನ್ನೆ ಮಾಡುತ್ತೇನೆ. ಗೋಪುರ ಹಿಟ್ಟು, ಅಕ್ಕಿಯಂಥದ್ದಕ್ಕೆ ಮಾತ್ರ ಬರುತ್ತದೆ, ಎಣ್ಣೆ ತುಪ್ಪಕ್ಕೆ ಎಲ್ಲಿ ಬರುತ್ತದೆ ಅಲ್ವಾ? ಅಲ್ಲಿಗೆ ಬಾಯಿಮಾತಿನ 'ಒಂದು ಪಾವು' ಎರಡು ಥರ ಆಯಿತು.

ಎಲ್ಲದಕ್ಕೂ ಈ ತಲೆನೋವು ಬೇಕಿಲ್ಲ. ದೋಸೆಗೆ ಮೂರು ಅಕ್ಕಿ, ಒಂದು ಉದ್ದಿನಬೇಳೆ ಅಂದರೆ ಲೋಟದಲ್ಲಾದರೂ ಹಾಕಿ, ತೂಗಿಯಾದರೂ ಹಾಕಿ, ಎರಡೂ ಕಪ್ಪಿಗೆ 200 ಗ್ರಾಂ ಆಸುಪಾಸೇ ಇರುವುದರಿಂದ ದೊಡ್ಡ ವ್ಯತ್ಯಾಸ ಆಗುವುದಿಲ್ಲ. ಅಚ್ಚು ಬೆಲ್ಲವನ್ನು ಮಾತ್ರ ಕಪ್ಪಿನಲ್ಲಿ ಅಳೆಯಲು ಹೋಗಬೇಡಿ, ಸುಮ್ನೆ ತೂಗಿ. ಸೋಡಾ, ಏಲಕ್ಕಿ ಪುಡಿಗೆ ನಾನು ಈಗಲೂ 5 ಎಂ.ಎಲ್. ಟೀ ಚಮಚವನ್ನೇ ಹಿಡಿಯುತ್ತೇನೆ, ಒಂದೆರಡು ಗ್ರಾಂ ಹಾಕಿದರೆ ನನ್ನ ತಕ್ಕಡಿ ಅಲ್ಲಾಡುವುದೂ ಇಲ್ಲ. ಉಪ್ಪಿಗೆ ಚಮಚ ಹಿಡಿದರೆ ಕಲ್ಲುಪ್ಪೋ ಪುಡಿ ಉಪ್ಪೋ ಅಂತ ಪಕ್ಕದಲ್ಲೇ ಬರೆದುಕೊಳ್ಳಿ, ಒಂದೇ ಚಮಚದಲ್ಲಿ ಪುಡಿ ಉಪ್ಪು ಜಾಸ್ತಿ ತೂಗುತ್ತದೆ.