ಬಿಸುವಿಗೆ ಹಣ್ಣಿನ ಗೆರಸೆ

ಕತ್ತರಿಸಿ ಜೋಡಿಸಿದ ಹಣ್ಣಿನ ಅಂದ ಕೆಡಿಸುವುದು ಅದರದೇ ನೀರು. ಅನಾನಸಿನ ರಸ ದ್ರಾಕ್ಷಿಯ ಬುಡಕ್ಕೆ ಹರಿಯುತ್ತದೆ, ಕಲ್ಲಂಗಡಿಯ ಕೆಂಪು ಪಪ್ಪಾಯಿಗೆ ಅಂಟುತ್ತದೆ, ಹೊತ್ತು ಕಳೆದಂತೆ ಎಲ್ಲವೂ ಒಂದೇ ಬಣ್ಣ. ಕಾಸರಗೋಡಿನ ಏಪ್ರಿಲ್ ಸೆಕೆಯಲ್ಲಂತೂ ಬಲು ಬೇಗ. ಹಾಗಾಗಿ ಬಿಸುವಿನ (ಸೌರ ಯುಗಾದಿಯ) ದಿನ ನೆಂಟರಿಗೆ ಹಣ್ಣು ಜೋಡಿಸುವಾಗ ನಾನು ಮೊದಲು ನೋಡುವುದು ಯಾವ ಹಣ್ಣಿನ ನೀರು ಎತ್ತ ಇಳಿಯುತ್ತದೆ ಎಂಬುದನ್ನು. ನವಿಲು, ಹೂವು, ಬುಟ್ಟಿಯ ಆಲೋಚನೆ ಆಮೇಲೆ.

ಸ್ಟೀಲಿನ ಹರಿವಾಣಕ್ಕೆ ಸುತ್ತ ಅಂಚು ಇರುವುದರಿಂದ ರಸ ಅಲ್ಲೇ ನಿಲ್ಲುತ್ತದೆ. ನಾನು ಬಳಸುವುದು ಬಿದಿರಿನ ಗೆರಸೆ, ಅಂದರೆ ಮೊರ. ಹೊಸದಾಗಿರಬೇಕು, ತೊಳೆದು ಬಿಸಿಲಲ್ಲಿ ಒಣಗಿಸಿರಬೇಕು. ಗೆರಸೆಯ ಬಾಯಿ ತೆರೆದಿರುತ್ತದಲ್ಲ, ಹಿಂಬದಿಗೆ ಮಡಚಿದ ಬಟ್ಟೆ ಕೊಟ್ಟು ಒಂದು ಬೆರಳಷ್ಟು ಎತ್ತರಿಸಿದರೆ ರಸ ತಾನಾಗಿ ಬಾಯಿಯ ಕಡೆ ಇಳಿಯುತ್ತದೆ. ಮೇಲೆ ತುದಿಯಿರುವ ಬಾಳೆಲೆ (ಕೊಡಿ ಎಲೆ), ನಡುವಿನ ದಿಂಡು ಇಳಿಜಾರಿನ ದಿಕ್ಕಿಗೇ ಇರಲಿ. ಅಡ್ಡ ಹಾಕಿದರೆ ದಿಂಡೇ ಕಟ್ಟೆಯಾಗಿ ನೀರು ನಿಲ್ಲಿಸುತ್ತದೆ. ಎಲೆಯನ್ನು ಉರಿಯ ಮೇಲೆ ಆಡಿಸಿ ಬಾಡಿಸಿಕೊಳ್ಳಬೇಕು. ಹಸಿ ಎಲೆ ಗೆರಸೆಯ ಅಂಚಿಗೆ ಬಗ್ಗಿಸಿದ ಕೂಡಲೇ ಸೀಳುತ್ತದೆ. ಎಲೆಯ ತುದಿಯ ಅಡಿಗೆ ಒಂದು ಬಿಳಿ ಬಟ್ಟೆ ಇಟ್ಟರೆ ಇಳಿದ ರಸ ಮೇಜಿಗೆ ಹರಿಯುವುದಿಲ್ಲ. ಜನ ಕಡಿಮೆ ಇದ್ದರೆ ಅಡಿಕೆ ಹಾಳೆಯ ತಟ್ಟೆಯೂ ಚೆಂದ. ಆದರೆ ಒದ್ದೆಯಾದ ಹಾಳೆ ಮೆತ್ತಗಾಗಿ ಬಾಗುತ್ತದೆ, ಎರಡನ್ನು ಒಂದರೊಳಗೊಂದು ಕೂರಿಸಿ ಮೇಲೆ ಎಲೆ ಹಾಕುವುದು ಒಳ್ಳೆಯದು.

ಪಾಯಸದ ಊಟವಾದ ಮೇಲೆ ಯಾರೂ ಹೆಚ್ಚು ಹಣ್ಣು ತಿನ್ನುವುದಿಲ್ಲ, ತಲೆಗೆ ನೂರು ಗ್ರಾಂ ಚಿಲ್ಲರೆ ಸಾಕು. ಮೂವತ್ತು ಜನಕ್ಕೆ ಎರಡೂವರೆ ಕಿಲೋದ ಒಂದು ಕಲ್ಲಂಗಡಿ, ಒಂದೂಕಾಲು ಕಿಲೋದ ಅನಾನಸು, ಮುಕ್ಕಾಲು ಕಿಲೋ ಮೀರಿದ ಪಪ್ಪಾಯಿ, ಅಷ್ಟೇ ತೂಕದ ಮಾವು, ಅರ್ಧ ಕಿಲೋ ದ್ರಾಕ್ಷಿ. ಸಿಪ್ಪೆ, ಬೀಜ, ದಿಂಡು ಕಳೆದು ಸುಮಾರು ಮೂರೂವರೆ ಕಿಲೋ ಉಳಿಯುತ್ತದೆ. ಅನಾನಸಿನಲ್ಲಿ ಹೆಚ್ಚುಕಡಿಮೆ ಅರ್ಧಕ್ಕರ್ಧ ಕಸ, ಅದನ್ನು ಲೆಕ್ಕಕ್ಕೆ ಹಿಡಿದೇ ಕೊಳ್ಳಬೇಕು.

ಕತ್ತರಿಸುವ ಮೊದಲು ಕಲ್ಲಂಗಡಿಯ ಹೊರಮೈಯನ್ನು ಹರಿಯುವ ನೀರಲ್ಲಿ ಉಜ್ಜಿ ತೊಳೆದು ಒರೆಸಿ. ಸಿಪ್ಪೆ ತಿನ್ನುವುದಿಲ್ಲವಲ್ಲ ಎಂದು ಬಿಟ್ಟರೆ ಗದ್ದೆಯ ಮಣ್ಣನ್ನು ಚೂರಿಯೇ ತಿರುಳಿಗೆ ಒಯ್ಯುತ್ತದೆ. ಹುಳಿಯಿಲ್ಲದ ಹಣ್ಣಾದ್ದರಿಂದ ರೋಗಾಣು ಅದರಲ್ಲಿ ಬೇಗ ಬೆಳೆಯುತ್ತದೆ. ಅರ್ಧ ಹೋಳನ್ನು ಸಿಪ್ಪೆ ಸಮೇತ ಒಂದು ಸೆಂಟಿಮೀಟರ್ ದಪ್ಪದ ತ್ರಿಕೋನ ಮಾಡಿ. ಸಿಪ್ಪೆ ಕೆಳಗೆ ಬರುವಂತೆ ನಿಲ್ಲಿಸಿದರೆ ರಸವೂ ಕಡಿಮೆ ಸೋರುತ್ತದೆ, ಹಿಡಿದು ತಿನ್ನಲೂ ಸುಲಭ. ಇದಕ್ಕಿಂತ ತೆಳುವಾದರೆ ಮಗುಚಿ ಬೀಳುತ್ತದೆ. ಇನ್ನರ್ಧವನ್ನು ಚೌಕ ತುಂಡು ಮಾಡಿ ತೂತಿನ ಪಾತ್ರೆಯಲ್ಲಿ ಹಾಕಿ ನೀರು ಬಸಿಯಲು ಬಿಡಿ.

ಅನಾನಸಿಗೆ ತಾಳ್ಮೆ ಬೇಕು. ಕಣ್ಣು ಹೋಗಲಿ ಎಂದು ಸಿಪ್ಪೆಯನ್ನು ದಪ್ಪಕ್ಕೆ ತೆಗೆದರೆ ಸಿಹಿ ಭಾಗವೇ ಹೋಗುತ್ತದೆ. ಸಿಪ್ಪೆ ತೆಳುವಾಗಿ ಕೆತ್ತಿ, ಹಣ್ಣನ್ನು ಅಡ್ಡ ಮಲಗಿಸಿ ನೋಡಿ: ಕಣ್ಣುಗಳು ಓರೆ ಸಾಲಿನಲ್ಲಿ ಇರುತ್ತವೆ. ಆ ಸಾಲಿನ ಎರಡು ಬದಿಯಿಂದ ಚೂರಿ ಓರೆಯಾಗಿ ಹಾಕಿದರೆ ಒಂದು ಕಾಲುವೆಯಾಗಿ ಹಲವು ಕಣ್ಣು ಒಟ್ಟಿಗೆ ಎದ್ದು ಬರುತ್ತವೆ. ಸುತ್ತ ಹೀಗೇ ಮಾಡಿದ ಮೇಲೆ ಬಿಲ್ಲೆ ಕೊಯ್ದರೆ ಪ್ರತಿ ಬಿಲ್ಲೆಯ ಅಂಚೂ ಹೂವಿನ ಎಸಳಾಗಿರುತ್ತದೆ, ಬೇರೆ ಕೆತ್ತನೆಯೇ ಬೇಡ. ಬಿಲ್ಲೆಗಳನ್ನು ಇಪ್ಪತ್ತು ನಿಮಿಷ ಬಸಿಯಬೇಕು. ಜುಟ್ಟನ್ನು ಬಿಸಾಡಬೇಡಿ, ತೊಳೆದು ಗೆರಸೆಯ ಎತ್ತರದ ಬದಿಗೆ ನಿಲ್ಲಿಸಿ.

ಪಪ್ಪಾಯಿ ಪೂರ್ತಿ ಹಳದಿಯಾದದ್ದು ಬೇಡ, ಮುಕ್ಕಾಲು ಹಳದಿಯಾಗಿ ಒತ್ತಿದರೆ ಸ್ವಲ್ಪವೇ ಬಗ್ಗುವಂಥದ್ದು ಆರಿಸಿ. ನಡು ಸುತ್ತ ಚೂರಿಯ ತುದಿಯನ್ನು ಪೊಳ್ಳಿನವರೆಗೆ ಒಮ್ಮೆ ಹೀಗೆ, ಒಮ್ಮೆ ಹಾಗೆ ಓರೆಯಾಗಿ ಚುಚ್ಚುತ್ತ ಬಂದರೆ ಹಲ್ಲಿನ ಅಂಚಿನ ಎರಡು ಬಟ್ಟಲು ಬಿಡಿಸಿಕೊಳ್ಳುತ್ತವೆ. ಒಂದರೊಳಗೆ ದಾಳಿಂಬೆ ಕಾಳು ತುಂಬಿ, ಇನ್ನೊಂದನ್ನು ಸಿಪ್ಪೆ ತೆಗೆದು ತುಂಡು ಮಾಡಿ. ಮಾವಿಗೆ ಬಾದಾಮಿ ಅಥವಾ ಬಂಗನಪಲ್ಲಿ ಸರಿ. ಕಾಟು (ಕಾಡು) ಮಾವು ರುಚಿಗೆ ರಾಜನಾದರೂ ನಾರು ಮತ್ತು ರಸದಿಂದ ಇಲ್ಲಿಗೆ ಹೊಂದುವುದಿಲ್ಲ. ತೊಟ್ಟಿನ ಸೊನೆ ತೊಳೆದು, ಕೆನ್ನೆ ಕೊಯ್ದು, ಸಿಪ್ಪೆ ತುಂಡಾಗದಂತೆ ಚೌಕುಳಿ ಗೀರಿ ಹಿಂದುಮುಂದಾಗಿ ಬಗ್ಗಿಸಿ. ಹಲಸು ಹಾಕುವುದಾದರೆ ಗಟ್ಟಿ ತೊಳೆಯ ಬಕ್ಕೆ ಮಾತ್ರ. ಮೆತ್ತನೆ ತೊಳೆಯ ತುಳುವ ಜೋಡಣೆಗೆ ನಿಲ್ಲುವುದಿಲ್ಲ. ಕೈಗೂ ಚೂರಿಗೂ ತೆಂಗಿನೆಣ್ಣೆ ಹಚ್ಚಿಕೊಂಡರೆ ಮೇಣ ಅಂಟದು.

ಸೇಬನ್ನು ನಾನು ಸಾಮಾನ್ಯವಾಗಿ ಬಿಟ್ಟೇ ಬಿಡುತ್ತೇನೆ. ಬೇಕೇ ಬೇಕು ಎಂದರೆ ಲೀಟರ್ ನೀರಿಗೆ ಎರಡು ಚಹಾ ಚಮಚ ಉಪ್ಪು ಕರಗಿಸಿ, ತುಂಡುಗಳನ್ನು ಹತ್ತು ನಿಮಿಷ ಮುಳುಗಿಸಿ, ತೊಳೆದು ಒರೆಸಬೇಕು. ಎರಡು ನಿಂಬೆಯ ರಸ ಬೆರೆಸಿದ ನೀರೂ ಆದೀತು. ಕೊಯ್ದ ಜಾಗದ ಕಿಣ್ವಕ್ಕೆ ಗಾಳಿ ತಾಗಿ ಕಪ್ಪಾಗುವುದನ್ನು ಇವು ನಿಧಾನಿಸುತ್ತವೆ, ಪೂರ್ತಿ ತಡೆಯುವುದಿಲ್ಲ. ಬಾಳೆಹಣ್ಣಿಗೆ ಈ ಪಾಡೇ ಬೇಡ, ಕದಳಿಯನ್ನು ಸಿಪ್ಪೆ ಸಮೇತ ಅಂಚಿಗೆ ಇಟ್ಟರಾಯಿತು. ಗೇರುಹಣ್ಣನ್ನೂ ಇಡಿಯಾಗಿಯೇ ಇಡಿ. ಕೊಯ್ದರೆ ಒಗರು ರಸ ಸೋರಿ ಹಬ್ಬದ ಹೊಸ ಬಟ್ಟೆಗೆ ಹೋಗದ ಕಲೆ ಹಿಡಿಸುತ್ತದೆ.

ಜೋಡಿಸುವಾಗ ರಸ ಕಡಿಮೆಯವು ಮೇಲೆ, ರಸದವು ಕೆಳಗೆ. ಜುಟ್ಟಿನ ಬುಡದಲ್ಲಿ ಮಾವು, ಪಪ್ಪಾಯಿ ಬಟ್ಟಲು ಮತ್ತು ದ್ರಾಕ್ಷಿ. ನಡುವೆ ಅನಾನಸು ಬಿಲ್ಲೆ ಒಂದರ ಮೇಲೊಂದು ಅರ್ಧ ಸರಿದಂತೆ. ಬಾಯಿಯ ಹತ್ತಿರ ಕಲ್ಲಂಗಡಿ. ದ್ರಾಕ್ಷಿಯನ್ನು ಸಣ್ಣ ಗೊಂಚಲಾಗಿ ಕತ್ತರಿಯಿಂದ ಕತ್ತರಿಸಿ. ಬಿಡಿ ದ್ರಾಕ್ಷಿ ಇಳಿಜಾರಲ್ಲಿ ಉರುಳುತ್ತದೆ. ಉಪ್ಪು, ಮೆಣಸಿನ ಪುಡಿ, ಸಕ್ಕರೆ ಮೇಲಿಂದ ಉದುರಿಸಲೇಬಾರದು, ಹಣ್ಣಿನ ನೀರನ್ನೆಲ್ಲ ಹೊರಗೆಳೆಯುತ್ತವೆ. ಪಕ್ಕದಲ್ಲಿ ಪುಟ್ಟ ಬಟ್ಟಲಲ್ಲಿ ಇರಲಿ. ಕಣಿಯಲ್ಲಿ (ಬಿಸುವಿನ ಬೆಳಗ್ಗೆ ಮೊದಲು ನೋಡಲು ಜೋಡಿಸಿಟ್ಟ ಮಂಗಳ ವಸ್ತುಗಳಲ್ಲಿ) ಉಳಿದ ಕಕ್ಕೆ ಹೂವನ್ನು ಇಲ್ಲಿ ಸಿಕ್ಕಿಸುವ ಆಸೆ ಎಲ್ಲರಿಗೂ ಬರುತ್ತದೆ. ಅದು ತಿನ್ನುವ ಹೂವಲ್ಲ, ಗೆರಸೆಯ ಹೊರಗೆ ಮೇಜಿನ ಮೇಲಿರಲಿ. ಕಣಗಿಲೆಯಂತೂ ವಿಷ, ಹತ್ತಿರವೂ ಬೇಡ. ಕಣಿಗೆ ಇಟ್ಟ ಹಣ್ಣನ್ನೇ ಕೊಯ್ಯುವುದಾದರೆ ಕುಂಕುಮ, ದೀಪದ ಎಣ್ಣೆ ಹೋಗುವಂತೆ ತೊಳೆಯಿರಿ.

ಕೊಯ್ದ ಹಣ್ಣು ಹೊರಗೆ ಇರಬಹುದಾದದ್ದು ಎರಡು ಗಂಟೆ. ಸೆಕೆ 32 ಡಿಗ್ರಿ ದಾಟಿದರೆ ಒಂದೇ ಗಂಟೆ. ಬಿಸುವಿನ ಮಧ್ಯಾಹ್ನ ಒಂದು ಗಂಟೆ ಎಂದೇ ಹಿಡಿಯಿರಿ. ಅದಕ್ಕೆ ನಾನು ಅರ್ಧ ಮಾತ್ರ ಜೋಡಿಸಿ, ಉಳಿದದ್ದನ್ನು ಬೇರೆ ಬೇರೆ ಡಬ್ಬಿಯಲ್ಲಿ ಫ್ರಿಜ್ಜಿನಲ್ಲಿ ಇಟ್ಟು ಖಾಲಿಯಾದ ಹಾಗೆ ತುಂಬುತ್ತೇನೆ. ಹೊರಗೆ ಇದ್ದದ್ದನ್ನು ಡಬ್ಬಿಯ ಹಣ್ಣಿಗೆ ಮತ್ತೆ ಬೆರೆಸಬಾರದು.

ಡಬ್ಬಿಯಲ್ಲೇ ಉಳಿದ ಅನಾನಸು ಮರುದಿನ ಮೆಣಸ್ಕಾಯಿ ಎಂಬ ಸಿಹಿ-ಖಾರದ ಪದಾರ್ಥಕ್ಕೆ ಆಗುತ್ತದೆ. ಹಸಿಯಾಗಿ ಮೊಸರಿಗೆ ಹಾಕಿಟ್ಟರೆ ಮಾತ್ರ ಕಹಿಯಾದೀತು. ಚೌಕ ತುಂಡು ತೆಗೆದ ಕಲ್ಲಂಗಡಿಯ ಬಿಳಿ ಭಾಗವನ್ನು, ಹಸಿರು ಸಿಪ್ಪೆ ಹೆರೆದು, ನೆನೆಸಿದ ಎರಡು ಕಪ್ ಬೆಳ್ತಿಗೆ (ಕುದಿಸದ ಬಿಳಿ) ಅಕ್ಕಿಗೆ ಎರಡು ಕಪ್ಪಿನಂತೆ ಹಾಕಿ ರುಬ್ಬಿದರೆ ದೋಸೆ ಹಿಟ್ಟು. ಅದಕ್ಕೆ ಬೇರೆ ನೀರು ಹಾಕಬೇಡಿ, ಅದರ ನೀರೇ ಸಾಕು.